ಮೂರು ಹೆಸರುಗಳನ್ನಿಟ್ಟವನು: ಬರ್ಜೀಲಿಯಸ್

ನಮ್ಮದು ಕಲಾ ಮಹಾವಿದ್ಯಾಲಯ. ಇಲ್ಲಿ ಗಾಜಿನ ನಳಿಕೆಗಳ ಸಪ್ಪಳವಿಲ್ಲ, ಗಂಧಕದ ನಾತವೂ ಇಲ್ಲ. ಆದರೂ ನೀರಿಗೆ ಎಚ್-ಟೂ-ಓ ಎಂದು ಹೇಳಲು ಬಾರದ ವಿದ್ಯಾರ್ಥಿ ನಮ್ಮ ಯಾವ ವರ್ಗದಲ್ಲಿಯೂ ಸಿಗಲಾರನು. ಸೋಡಾ ಅಂಗಡಿಗೆ ಬರುವ ಕಬ್ಬಿಣದ ಸಿಲಿಂಡರಿನ ಮೇಲೆ ಕೂಡ ಸಿ-ಓ-ಟೂ ಎಂದು ಬಣ್ಣದಲ್ಲಿ ಬರೆದಿರುತ್ತದೆ. ಮೂಲವಸ್ತುವಿನ ಲ್ಯಾಟಿನ್ ಹೆಸರಿನ ಒಂದೆರಡು ಅಕ್ಷರಗಳನ್ನು ಹಿಡಿದು, ಅದು ಎಷ್ಟು ಪಾಲು ಇದೆಯೆಂಬ ಅಂಕೆಯನ್ನು ಪಕ್ಕಕ್ಕೆ ಇಟ್ಟು ಬರೆಯುವ ಈ ಲಿಪಿ ಒಬ್ಬನೇ ಮನುಷ್ಯನ ಕೊಡುಗೆ. ಆತನು ಸ್ವೀಡನ್ ದೇಶದ ಯೋನ್ಸ್ ಯಾಕೋಬ್ ಬರ್ಜೀಲಿಯಸ್. ವಿಜ್ಞಾನ ಕಲಿಯುವ ಗೆಳೆಯರಿಗೆ ಆತನ ಹೆಸರು ಪರೀಕ್ಷೆಯ ಹಿಂದಿನ ರಾತ್ರಿಯ ಮಟ್ಟಿಗಾದರೂ ಗೊತ್ತಿರುತ್ತದೆ. ನಮಗೆ ಅಷ್ಟೂ ಇಲ್ಲ.

ಈ ಲಿಪಿಯಲ್ಲದೆ ಆತನು ಜಗತ್ತಿಗೆ ಇನ್ನೂ ಮೂರು ಹೆಸರುಗಳನ್ನು ಕೊಟ್ಟನು: ಸೆಲೆನಿಯಮ್, ಕ್ಯಾಟಲಿಸಿಸ್, ಪ್ರೋಟೀನ್. ಒಂದು ಮೂಲವಸ್ತುವಿನ ಹೆಸರು, ಒಂದು ಕ್ರಿಯೆಯ ಹೆಸರು, ಒಂದು ಜೀವದ್ರವ್ಯದ ಹೆಸರು. ಇಪ್ಪತ್ತು ವರ್ಷಗಳ ಅವಧಿಯಲ್ಲಿ ಒಂದಕ್ಕೊಂದು ಸಂಬಂಧವಿಲ್ಲದೆ ಹುಟ್ಟಿದ ಮಾತುಗಳಿವು. ಆತನು ತೀರಿಕೊಂಡು ನೂರಾ ಇಪ್ಪತ್ತೈದು ವರ್ಷಗಳಾದ ಮೇಲೆ ಈ ಮೂರೂ ಒಂದೇ ವಸ್ತುವಿನಲ್ಲಿ ಕೂಡಿ ಕುಳಿತಿರುವುದು ಕಂಡುಬಂದಿತು. ಆ ಕಥೆಯನ್ನು ಹೇಳಬೇಕಾದರೆ ಮೊದಲು ಆತನ ಬಾಳನ್ನು ಹೇಳಬೇಕು.

ಬರ್ಜೀಲಿಯಸ್‌ನು 1779ನೆಯ ಇಸವಿ ಆಗಸ್ಟ್ 20ರಂದು ದಕ್ಷಿಣ ಸ್ವೀಡನ್ನಿನ ವೆವರ್‌ಸುಂದ ಎಂಬ ಹಳ್ಳಿಯಲ್ಲಿ ಹುಟ್ಟಿದನು. ತಂದೆ ಶಾಲಾ ಮಾಸ್ತರ. ಮಗುವಿಗೆ ನಾಲ್ಕು ವರ್ಷವಾಗುವಷ್ಟರಲ್ಲಿ ತಂದೆ ತೀರಿಕೊಂಡನು. ತಾಯಿ ಒಬ್ಬ ಪಾದ್ರಿಯನ್ನು ಮರುಮದುವೆಯಾದಳು. ಕೆಲವೇ ವರ್ಷಗಳಲ್ಲಿ ಅವಳೂ ಹೋದಳು. ಮಲತಂದೆ ಒಳ್ಳೆಯವನೇ, ಆದರೆ ಹುಡುಗ ಬೆಳೆದದ್ದು ಬಹುಮಟ್ಟಿಗೆ ಸೋದರಮಾವನ ಮನೆಯ ಹಂಗಿನಲ್ಲಿ. ಲಿನ್‌ಶೋಪಿಂಗ್ ಊರಿನ ಶಾಲೆಯಲ್ಲಿ ಓದುತ್ತಿರುವಾಗಲೇ ಹೊಟ್ಟೆಪಾಡಿಗಾಗಿ ಒಬ್ಬ ಒಕ್ಕಲಿಗನ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳಲು ನಿಂತನು. ಅಲ್ಲಿ ಆತನು ಮಲಗುತ್ತಿದ್ದ ಕೋಣೆಯಲ್ಲಿಯೇ ಬಟಾಟೆಯ ರಾಶಿಯನ್ನೂ ಕೂಡಿಡುತ್ತಿದ್ದರಂತೆ. ವಾರಾನ್ನ ಉಂಡು, ಧಾರವಾಡದಲ್ಲಿ ಓದಿ ಮುಂದೆ ಬಂದ ಹಿರಿಯರ ಕಥೆ ಕೇಳಿ ಬೆಳೆದ ನಮಗೆ ಇದೇನೂ ಪರದೇಶದ ಸಂಗತಿಯೆನಿಸುವುದಿಲ್ಲ.

1796ರಲ್ಲಿ ಆತನು ವೈದ್ಯ ಕಲಿಯಲು ಉಪ್ಸಾಲಾ ವಿಶ್ವವಿದ್ಯಾಲಯಕ್ಕೆ ಸೇರಿದನು. ರಸಾಯನಶಾಸ್ತ್ರದ ಪ್ರಾಧ್ಯಾಪಕ ಅಫ್ಜೀಲಿಯಸ್‌ನಿಗೆ ಈ ಹುಡುಗನ ಮೇಲೆ ಮೊದಲು ಅಷ್ಟಾಗಿ ನಂಬಿಕೆ ಇರಲಿಲ್ಲ; ಪ್ರಯೋಗಶಾಲೆಗೆ ಬರಲು ಕೊಟ್ಟ ವೇಳೆ ತೀರ ಸ್ವಲ್ಪ. ಆದರೆ ಹುಡುಗನು ಕಾವಲುಗಾರನ ಕೈ ಬೆಚ್ಚಗೆ ಮಾಡಿ ಹಿಂಬಾಗಿಲಿನಿಂದ ಒಳಗೆ ಹೋಗತೊಡಗಿದನು. ಒಂದು ದಿನ ಸಿಕ್ಕಿಬಿದ್ದನು. ಗುರುವು ಗದರಿಸಿದನಾದರೂ ಹೊರಗೆ ಹಾಕಲಿಲ್ಲ. ಈ ಹಿಂಬಾಗಿಲನ್ನು ವಾಚಕರು ನೆನಪಿನಲ್ಲಿಡಬೇಕು. ಕೊನೆಗೆ ಮತ್ತೆ ಉಪ್ಸಾಲಾಕ್ಕೆ ಬರುವುದಿದೆ.

ಇಟಲಿಯ ವೋಲ್ಟಾ 1800ರಲ್ಲಿ ವಿದ್ಯುತ್ ಕೋಶವನ್ನು ಕಂಡುಹಿಡಿದಿದ್ದನಷ್ಟೆ. ಬರ್ಜೀಲಿಯಸ್‌ನು ಅದನ್ನು ರೋಗಿಗಳ ಮೇಲೆ ಪ್ರಯೋಗಿಸಿ ನೋಡಿ, 1802ರಲ್ಲಿ ತನ್ನ ವೈದ್ಯ ಪ್ರಬಂಧವನ್ನು ಅದರ ಮೇಲೆಯೇ ಬರೆದನು. ರೋಗಿಗಳಿಗೆ ಹೇಳಿಕೊಳ್ಳುವಂಥ ಗುಣವೇನೂ ಕಾಣಲಿಲ್ಲ. ಆದರೆ ಆ ಕೋಶ ಆತನ ಕೈ ಬಿಡಲಿಲ್ಲ. ಸ್ಟಾಕ್‌ಹೋಮಿನಲ್ಲಿ ಹೀಸಿಂಗರ್ ಎಂಬ ಗಣಿಯ ಧಣಿ ಆಸರೆ ಕೊಟ್ಟನು. ಅವರಿಬ್ಬರೂ ಕೂಡಿ ಲವಣಗಳ ದ್ರಾವಣದಲ್ಲಿ ವಿದ್ಯುತ್ತನ್ನು ಹರಿಸಿ, ಆಮ್ಲವು ಒಂದು ತುದಿಗೂ ಕ್ಷಾರವು ಇನ್ನೊಂದು ತುದಿಗೂ ಹೋಗುವುದನ್ನು ಕಂಡರು. ಪ್ರತಿಯೊಂದು ವಸ್ತುವೂ ಒಂದು ಧನ ಭಾಗ, ಒಂದು ಋಣ ಭಾಗ ಕೂಡಿ ಆದದ್ದು ಎಂಬ ದ್ವೈತ ಸಿದ್ಧಾಂತ ಇಲ್ಲಿ ಮೊಳೆಯಿತು. ಅದು ಆತನಿಗೆ ಕೀರ್ತಿಯನ್ನೂ ತಂದಿತು, ಮುಪ್ಪಿನಲ್ಲಿ ಸಂಕಟವನ್ನೂ ತಂದಿತು.

ಹಣದ ವ್ಯವಹಾರ ಮಾತ್ರ ಆತನಿಗೆ ಹತ್ತಲಿಲ್ಲ. ಕೃತಕ ಖನಿಜ ಜಲದ ವ್ಯಾಪಾರ ಮಾಡಿದನು; ಹುಳಿರಸದ ಕಾರಖಾನೆಗೆ ಕೈ ಹಾಕಿದನು. ಎರಡರಲ್ಲಿಯೂ ಸಾಲವಾಯಿತು. ಅದನ್ನು ತೀರಿಸಲು ವರ್ಷಗಟ್ಟಲೆ ದುಡಿದನು. 1807ರಲ್ಲಿ ಸ್ಟಾಕ್‌ಹೋಮಿನ ವೈದ್ಯಶಾಲೆಯಲ್ಲಿ ಪ್ರಾಧ್ಯಾಪಕನಾದ ಮೇಲೆ ಬದುಕು ಒಂದು ದಡಕ್ಕೆ ಹತ್ತಿತು. ಅಲ್ಲಿ 1810ರಲ್ಲಿ ಹುಟ್ಟಿದ ಕಾರೊಲಿನ್‌ಸ್ಕಾ ಸಂಸ್ಥೆಯ ಮೂಲಪುರುಷರಲ್ಲಿ ಆತನೂ ಒಬ್ಬನು.

ಯುರೋಪಿನ ರಸಾಯನಶಾಸ್ತ್ರಜ್ಞರೆಲ್ಲ ಎದುರು ನೋಡುತ್ತಿದ್ದ ಆ ಪ್ರಯೋಗಶಾಲೆ ಎಂಥದಿತ್ತೆಂದರೆ, ಅದು ಆತನ ಅಡಿಗೆಮನೆಗೆ ಹತ್ತಿಕೊಂಡ ಒಂದು ಕೋಣೆ. ಎರಡು ಸಾದಾ ಮೇಜು, ಒಂದಿಷ್ಟು ಸೀಸೆಗಳ ಕಪಾಟು, ನೀರಿನ ಒಂದು ತೊಟ್ಟಿ. ಕಾಯಿಸಬೇಕಾದ ವಸ್ತುಗಳು ಅಡಿಗೆಯ ಒಲೆಯ ಹತ್ತಿರವೇ ಕಾಯುತ್ತಿದ್ದವು. ಒಲೆಯ ಮುಂದೆ ಆನಾ ಸುಂಡ್‌ಸ್ಟ್ರೋಮ್ ಎಂಬ ಅಡಿಗೆಯವಳು. 1808ರಿಂದ 1836ರ ವರೆಗೆ ಈ ಆನಾ ಆತನ ಮನೆವಾರ್ತೆ ನೋಡಿದಳು, ಪಾತ್ರೆಗಳ ಜೊತೆಗೆ ಗಾಜಿನ ಉಪಕರಣಗಳನ್ನೂ ತೊಳೆದಳು. ತೊಳೆಯುತ್ತ ತೊಳೆಯುತ್ತ ಯಾವ ಸೀಸೆಯಲ್ಲಿ ಏನಿದೆಯೆಂಬುದನ್ನೆಲ್ಲ ಕಲಿತು, ಕೊನೆಗೆ ವಿದ್ಯಾರ್ಥಿಗಳಿಗೆ ದಾರಿ ತೋರಿಸುವಷ್ಟು ಗಟ್ಟಿಯಾದಳು. 1823ರಲ್ಲಿ ಜರ್ಮನಿಯಿಂದ ಕಲಿಯಲು ಬಂದ ವೋಲರ್ ಎಂಬ ತರುಣನು ಆ ಅಡಿಗೆಮನೆಯ ನೆನಪನ್ನು ಬರೆದಿಟ್ಟಿದ್ದಾನೆ. ಒಮ್ಮೆ ಆನಾ ಒಂದು ಪಾತ್ರೆ ತೊಳೆಯುವಾಗ, ಇದಕ್ಕೆ ಆಕ್ಸಿಜನ್ ಬೆರೆತ ಮ್ಯೂರಿಯಾಟಿಕ್ ಆಮ್ಲದ ವಾಸನೆ ಹೊಡೆಯುತ್ತದೆ ಎಂದಳಂತೆ. ಇನ್ನು ಮುಂದೆ ಅದನ್ನು ಕ್ಲೋರಿನ್ ಎನ್ನಬೇಕೆಂದು ಬರ್ಜೀಲಿಯಸ್‌ನು ತಿದ್ದಿದನು. ಆ ಹಸಿರು ಅನಿಲವು ಸಂಯುಕ್ತವಲ್ಲ, ಸ್ವತಃ ಮೂಲವಸ್ತು ಎಂಬ ಡೇವಿಯ ಮತವನ್ನು ಬರ್ಜೀಲಿಯಸ್‌ನು ಎಷ್ಟೋ ವರ್ಷ ವಿರೋಧಿಸಿದ್ದನು. ಸೋಲೊಪ್ಪಿಕೊಂಡ ಸುದ್ದಿ ವೋಲರ್‌ನಿಗೆ ತಿಳಿದದ್ದು ಹೀಗೆ, ಪಾತ್ರೆ ತೊಳೆಯುವ ಜಾಗದಲ್ಲಿ.

ಆ ಕೋಣೆಯಲ್ಲಿ ಹತ್ತು ವರ್ಷಗಳಲ್ಲಿ ಸುಮಾರು 2000 ಸಂಯುಕ್ತಗಳ ಪೃಥಕ್ಕರಣ ನಡೆಯಿತು. ಅದರಿಂದ ಪರಮಾಣು ಭಾರಗಳ ಕೋಷ್ಟಕಗಳು ಹೊರಟವು. 1826ರ ಕೋಷ್ಟಕದ ಬಹಳಷ್ಟು ಅಂಕೆಗಳು ಇಂದಿನವುಗಳಿಗೆ ಅಚ್ಚರಿಯಾಗುವಷ್ಟು ಹತ್ತಿರವಾಗಿವೆ. ಇಷ್ಟು ಲೆಕ್ಕ ಬರೆಯಲು ಕೈಗೆ ಹಗುರಾದ ಲಿಪಿ ಬೇಕಿತ್ತು. ಇಂಗ್ಲೆಂಡಿನ ಡಾಲ್ಟನ್ ವೃತ್ತಗಳೊಳಗೆ ಚುಕ್ಕೆ, ಗೆರೆಗಳನ್ನು ಹಾಕುತ್ತಿದ್ದನು. ಬರ್ಜೀಲಿಯಸ್‌ನು 1813-14ರಲ್ಲಿ ಅಕ್ಷರಗಳನ್ನು ತಂದನು. ಅಂಕೆಯನ್ನು ಆತನು ಅಕ್ಷರದ ತಲೆಯ ಮೇಲೆ ಬರೆಯುತ್ತಿದ್ದನು. ಅದು ಕಾಲಿಗೆ ಇಳಿದದ್ದು ಮುಂದೆ ಜರ್ಮನರ ಕೈಯಲ್ಲಿ. ಡಾಲ್ಟನ್ನನಿಗೆ ಈ ಹೊಸ ಲಿಪಿ ಕೊನೆಯ ವರೆಗೂ ಸೇರಲಿಲ್ಲ. ಅಚ್ಚುಕೂಟದವರಿಗೆ ಸೇರಿತು. ಅಷ್ಟು ಸಾಕಾಯಿತು.

ಇನ್ನು ಸೆಲೆನಿಯಮ್. 1817ರಲ್ಲಿ ನಮ್ಮ ಧಾರವಾಡದ ಕೋಟೆ ಪೇಶ್ವೆಯ ಕೈಯಿಂದ ಕುಂಪಣಿ ಸರಕಾರದ ಕೈಗೆ ಹೋಯಿತು. ಅದೇ ವರ್ಷ ಸ್ವೀಡನ್ನಿನ ಗ್ರಿಪ್ಸ್‌ಹೋಮಿನಲ್ಲಿದ್ದ ಒಂದು ಗಂಧಕಾಮ್ಲದ ಕಾರಖಾನೆಯಲ್ಲಿ ಬರ್ಜೀಲಿಯಸ್‌ನೂ ಆತನ ಹಿರಿಯ ಮಿತ್ರ ಗಾನ್‌ನೂ ಪಾಲುದಾರರಾಗಿದ್ದರು. ಫಾಲೂನ್ ಗಣಿಯ ಅದಿರಿನಿಂದ ತೆಗೆದ ಗಂಧಕವನ್ನು ಸುಟ್ಟಾಗ ಸೀಸದ ಕೋಣೆಯ ತಳದಲ್ಲಿ ಕೆಂಪು ಗಸಿ ಕೂಡ್ರುತ್ತಿತ್ತು. ಹಿಂದಿನ ಮಾಲೀಕನು ಇದು ಪಾಷಾಣವೆಂದು ಹೆದರಿ ಆ ಅದಿರನ್ನೇ ಬಿಟ್ಟಿದ್ದನು. ಬರ್ಜೀಲಿಯಸ್‌ನು ಗಸಿಯನ್ನು ಊದುಗೊಳವೆಯ ಉರಿಗೆ ಹಿಡಿದಾಗ ಕಟುವಾದ ಮೂಲಂಗಿಯ ವಾಸನೆ ಬಂದಿತು. ಆ ಕಾಲದಲ್ಲಿ ಅದು ಟೆಲ್ಲೂರಿಯಮ್ಮಿನ ವಾಸನೆಯೆಂದು ಎಲ್ಲರೂ ನಂಬಿದ್ದರು. ಆತನೂ ನಂಬಿ, ಗೆಳೆಯರಿಗೆ ಹಾಗೆಯೇ ಕಾಗದ ಬರೆದುಬಿಟ್ಟನು.

ಆದರೆ ಗಸಿಯಿಂದ ಟೆಲ್ಲೂರಿಯಮ್ಮನ್ನು ಬೇರ್ಪಡಿಸಲು ಹೋದರೆ ಅದು ಸಿಗಲೇ ಇಲ್ಲ. ಸ್ಟಾಕ್‌ಹೋಮಿಗೆ ಗಸಿಯನ್ನು ಒಯ್ದು ಮತ್ತೆ ಮತ್ತೆ ಪರೀಕ್ಷಿಸಿ, 1818ರ ಆರಂಭದಲ್ಲಿ ತನ್ನ ಮಾತನ್ನು ತಾನೇ ಹಿಂತೆಗೆದುಕೊಂಡನು: ಇದು ಹೊಸ ಮೂಲವಸ್ತು, ಗುಣದಲ್ಲಿ ಗಂಧಕದ ಒಡಹುಟ್ಟು. ಟೆಲ್ಲೂರಿಯಮ್ ಎಂಬುದು ಭೂಮಿಯ ಹೆಸರಾದ್ದರಿಂದ, ಅದರ ಜೊತೆಗಾರನಿಗೆ ಗ್ರೀಕರ ಚಂದ್ರದೇವತೆ ಸೆಲೆನೆಯ ಹೆಸರನ್ನಿಟ್ಟನು. ಮೂಲಂಗಿಯ ವಾಸನೆಯೂ ಈ ಹೊಸದರದೇ ಎಂದು ತಿಳಿಯಿತು. ಈ ಪರಿಚಯಕ್ಕೆ ಆತನು ಬೆಲೆ ತೆತ್ತನು. ಹೈಡ್ರೊಜನ್ ಸೆಲೆನೈಡ್ ಎಂಬ ಅನಿಲದ ಒಂದು ಗುಳ್ಳೆ ಮೂಗಿಗೆ ಹೊಕ್ಕು, ವಾಸನೆಯ ಶಕ್ತಿಯೇ ಕೆಲಹೊತ್ತು ಹೋಗಿ, ಮುಂದೆ ಎಷ್ಟೋ ದಿನ ನೆಗಡಿಯಿಂದ ನರಳಿದನು. ತಾನು ಹೆಸರಿಟ್ಟ ಕೂಸನ್ನು ಆತನು ವಿಷವೆಂದೇ ತಿಳಿದು ಸತ್ತನು. ಹಾಗೆ ತಿಳಿದದ್ದು ತಪ್ಪೂ ಅಲ್ಲ.

ಉಳಿದ ಎರಡು ಹೆಸರುಗಳು ನಡುವಯಸ್ಸು ದಾಟಿದ ಮೇಲಿನವು. ಆತನು 1818ರಿಂದ ಸ್ವೀಡನ್ನಿನ ವಿಜ್ಞಾನ ಅಕಾಡೆಮಿಯ ಕಾರ್ಯದರ್ಶಿ. ಪ್ರತಿವರ್ಷ ಜಗತ್ತಿನಲ್ಲಿ ನಡೆದ ರಸಾಯನ ಸಂಶೋಧನೆಯನ್ನೆಲ್ಲ ತೂಗಿ ನೋಡಿ ಒಂದು ವಾರ್ಷಿಕ ವರದಿಯನ್ನು ಬರೆಯುತ್ತಿದ್ದನು. ಅದರಲ್ಲಿ ಹೊಗಳಿಸಿಕೊಂಡವನು ಉದ್ಧಾರವಾದನು, ತೆಗಳಿಸಿಕೊಂಡವನು ಕೆಟ್ಟನು ಎನ್ನುವ ಕಾಲ. 1835ರ ಸುಮಾರಿಗೆ ಇಂಥ ಒಂದು ವರದಿಯಲ್ಲಿ, ತಾನು ಖರ್ಚಾಗದೆ ಕೇವಲ ಸಾನ್ನಿಧ್ಯದಿಂದ ಬೇರೆ ವಸ್ತುಗಳ ಕ್ರಿಯೆಯನ್ನು ನಡೆಯಿಸುವ ಶಕ್ತಿಗೆ ಕ್ಯಾಟಲಿಸಿಸ್ ಎಂದು ಹೆಸರಿಟ್ಟನು. ಸಸ್ಯ, ಪ್ರಾಣಿಗಳ ಮೈಯೊಳಗೆ ಇಂಥ ಕ್ರಿಯೆಗಳು ಸಾವಿರಾರು ನಡೆಯುತ್ತಿರಬೇಕೆಂದು ಆಗಲೇ ಊಹಿಸಿದ್ದನು. 1838ರ ಜುಲೈಯಲ್ಲಿ ಹಾಲೆಂಡಿನ ಮುಲ್ಡರ್‌ನಿಗೆ ಕಾಗದ ಬರೆದು, ಆತನು ಅಭ್ಯಾಸ ಮಾಡುತ್ತಿದ್ದ ಮೊಟ್ಟೆಯ ಬಿಳಿ, ರಕ್ತದ ನಾರು ಮುಂತಾದವುಗಳ ಸಮಾನ ದ್ರವ್ಯಕ್ಕೆ ಪ್ರೋಟೀನ್ ಎನ್ನಬಹುದೆಂದು ಸೂಚಿಸಿದನು. ಗ್ರೀಕಿನಲ್ಲಿ ಮೊದಲನೆಯದು ಎಂಬ ಅರ್ಥ.

ಕೊನೆಯ ಹತ್ತು ವರ್ಷಗಳನ್ನು ಓದುವಾಗ ಮನಸ್ಸಿಗೆ ಕಷ್ಟವಾಗುತ್ತದೆ. ಫ್ರಾನ್ಸಿನ ಡ್ಯೂಮಾ, ಹುಳಿರಸದ ಆಮ್ಲದಲ್ಲಿಯ ಹೈಡ್ರೊಜನ್ನನ್ನು ತೆಗೆದು ಆ ಸ್ಥಾನದಲ್ಲಿ ಕ್ಲೋರಿನ್ನನ್ನು ಕೂಡ್ರಿಸಿದರೂ ವಸ್ತುವಿನ ಸ್ವಭಾವ ಹೆಚ್ಚು ಬದಲಾಗುವುದಿಲ್ಲವೆಂದು ತೋರಿಸಿದನು. ಧನದ ಜಾಗದಲ್ಲಿ ಋಣ ಕೂಡ್ರುವುದೆಂದರೇನು! ಬರ್ಜೀಲಿಯಸ್‌ನ ದ್ವೈತ ಸಿದ್ಧಾಂತಕ್ಕೆ ಇದು ಪೆಟ್ಟು. ಆತನು ಒಪ್ಪಲಿಲ್ಲ. ಕ್ಲೋರಿನ್ನಿನ ವಿಷಯದಲ್ಲಿ ಅಡಿಗೆಯವಳ ಮುಂದೆ ಸೋಲೊಪ್ಪಿದ ಮನುಷ್ಯ ಈಗ ಜಗತ್ತಿನ ಮುಂದೆ ಒಪ್ಪಲಾರದೆ ಹೋದನು. ಪ್ರಿಯಮಿತ್ರನಾಗಿದ್ದ ಲೀಬಿಗ್ ದೂರವಾದನು. ವಾರ್ಷಿಕ ವರದಿಗಳು ವರ್ಷ ವರ್ಷಕ್ಕೆ ಕಹಿಯಾದವು, ತರುಣರು ಅವನ್ನು ಓದಿ ನಗತೊಡಗಿದರು. ವಯಸ್ಸಾದುದರಿಂದ ಹೀಗಾಯಿತೆಂದು ಹೇಳುವುದು ಸುಲಭ. ನನಗೆ ತೋರುವಂತೆ, ವಿದ್ಯುತ್ತಿನ ತುದಿಗಳಲ್ಲಿ ಕಣ್ಣಾರೆ ಕಂಡದ್ದನ್ನು ಆತನು ಬಿಟ್ಟುಕೊಡಲಾರದೆ ಹೋದನು.

1835ರ ಡಿಸೆಂಬರಿನಲ್ಲಿ, 56ನೆಯ ವಯಸ್ಸಿನಲ್ಲಿ, ಆತನು 24 ವರ್ಷದ ಬೆಟ್ಟಿ ಪೊಪ್ಪಿಯುಸ್ ಎಂಬವಳನ್ನು ಮದುವೆಯಾದನು. ಅರಸನು ಮದುವೆಯ ದಿನ ಬ್ಯಾರನ್ ಪದವಿಯನ್ನು ಉಡುಗೊರೆ ಕೊಟ್ಟನು. ಮರುವರ್ಷ ಆನಾ ಮನೆ ಬಿಟ್ಟುಹೋದಳು. ಇಪ್ಪತ್ತೆಂಟು ವರ್ಷ ಗಾಜು ತೊಳೆದವಳ ಹೆಸರು ಯಾವ ಮೂಲವಸ್ತುವಿಗೂ ಹತ್ತಲಿಲ್ಲ. ಬರ್ಜೀಲಿಯಸ್‌ನು 1848ರ ಆಗಸ್ಟ್ 7ರಂದು ಸ್ಟಾಕ್‌ಹೋಮಿನಲ್ಲಿ ತೀರಿಕೊಂಡನು. ಸಮಾಧಿ ಸೋಲ್ನಾ ಎಂಬಲ್ಲಿದೆ.

ಇಲ್ಲಿಗೆ ಜೀವನಚರಿತ್ರೆ ಮುಗಿಯಬೇಕು. ಆದರೆ ಹೆಸರುಗಳ ಚರಿತ್ರೆ ಮುಂದುವರಿಯಿತು. ನೂರು ವರ್ಷ ಕಾಲ ಸೆಲೆನಿಯಮ್ ದನಕರುಗಳಿಗೆ ವಿಷವೆಂದಷ್ಟೇ ಪ್ರಾಣಿಶಾಸ್ತ್ರಕ್ಕೆ ಗೊತ್ತಿತ್ತು. 1957ರಲ್ಲಿ ಶ್ವಾರ್ಟ್ಸ್ ಮತ್ತು ಫೋಲ್ಟ್ಸ್ ಎಂಬವರು, ಯಕೃತ್ತು ಕೊಳೆತು ಸಾಯುವ ಇಲಿಗಳನ್ನು ಲೇಶಮಾತ್ರ ಸೆಲೆನಿಯಮ್ ಬದುಕಿಸುತ್ತದೆಂದು ತೋರಿಸಿದರು. ಚೀನದ ಕೇಶಾನ್ ಎಂಬ ಪ್ರದೇಶದಲ್ಲಿ ಮಕ್ಕಳ ಹೃದಯವನ್ನು ಕೆಡಿಸುತ್ತಿದ್ದ ಬೇನೆಗೂ ಮಣ್ಣಿನಲ್ಲಿ ಇದರ ಕೊರತೆಯೇ ಒಂದು ಮುಖ್ಯ ಕಾರಣವೆಂದು ತಿಳಿಯಿತು. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು ಸುಮಾರು 55 ಮೈಕ್ರೊಗ್ರಾಂ. ಬೆರಳಿಗೆ ಹತ್ತಿದ ಉಪ್ಪಿನ ಹರಳಿಗಿಂತ ಹೆಚ್ಚಲ್ಲ. 1973ರಲ್ಲಿ, ರಕ್ತವನ್ನು ಕಾಯುವ ಒಂದು ಕಿಣ್ವದೊಳಗೆಯೇ ಸೆಲೆನಿಯಮ್ ಇದೆಯೆಂದು ಕಂಡುಬಂದಿತು. ಕಿಣ್ವವೆಂದರೆ ಕ್ಯಾಟಲಿಸಿಸ್ ಮಾಡುವ ಪ್ರೋಟೀನು. ಮೂರು ಹೆಸರುಗಳು ಕೂಡಿದ್ದು ಇಲ್ಲಿ.

ಹೇಗೆ ಕೂಡಿದವು? ಪ್ರೋಟೀನುಗಳೆಂಬ ಸರಗಳನ್ನು ಅಮೈನೋ ಆಮ್ಲಗಳೆಂಬ 20 ಬಗೆಯ ಮಣಿಗಳಿಂದ ಪೋಣಿಸಿರುತ್ತದೆಯೆಂದು ಪಠ್ಯಪುಸ್ತಕಗಳು ಹೇಳುತ್ತಿದ್ದವು. 1976ರಲ್ಲಿ ಅಮೇರಿಕೆಯ ಥ್ರೆಸಾ ಸ್ಟ್ಯಾಡ್‌ಮನ್ ಎಂಬ ವಿದುಷಿಯ ಪ್ರಯೋಗಶಾಲೆ 21ನೆಯ ಮಣಿಯನ್ನು ಕಂಡುಹಿಡಿಯಿತು: ಸೆಲೆನೊಸಿಸ್ಟೀನ್. ಸಿಸ್ಟೀನ್ ಎಂಬ ಸಾಮಾನ್ಯ ಮಣಿಯಲ್ಲಿ ಗಂಧಕವಿರುತ್ತದೆ. ಇದರಲ್ಲಿ ಆ ಜಾಗದಲ್ಲಿ ಸೆಲೆನಿಯಮ್. ಒಂದರ ಪೀಠದಲ್ಲಿ ಇನ್ನೊಂದು ಕೂಡ್ರುವ, ಡ್ಯೂಮಾ ಹೇಳಿದ ಕೆಲಸವೇ! ಆದರೆ ಇದಕ್ಕೆ ಬರ್ಜೀಲಿಯಸ್‌ನು ತಕರಾರು ಮಾಡುತ್ತಿರಲಿಲ್ಲವೆಂದು ಕಾಣುತ್ತದೆ. ಗಂಧಕಕ್ಕೂ ಸೆಲೆನಿಯಮ್ಮಿಗೂ ಇದ್ದ ಒಡಹುಟ್ಟಿನ ಸಂಬಂಧವನ್ನು ಮೊದಲು ಸಾರಿದವನು ಆತನೇ. ಜೀವಕೋಶದಲ್ಲಿ ಸೆಲೆನಿಯಮ್ ಗಂಧಕಕ್ಕಿಂತ ಬಹಳ ಚುರುಕು, ಆಕ್ಸಿಜನ್ನಿನ ಪೆಟ್ಟು ತಿಂದರೂ ಮತ್ತೆ ಸುಲಭವಾಗಿ ಚೇತರಿಸಿಕೊಳ್ಳುತ್ತದೆ. ಮನುಷ್ಯನಲ್ಲಿ ಇಂಥ ಪ್ರೋಟೀನುಗಳ ಜೀನುಗಳು 25 ಇವೆ. ಗಂಟಲಿನ ಥೈರಾಯ್ಡ್ ಗ್ರಂಥಿಯ ರಸವನ್ನು ಚುರುಕುಗೊಳಿಸುವ ಕಿಣ್ವಗಳು ಅವುಗಳಲ್ಲಿ ಸೇರಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕ ಮುಗೇಶ್ ಮತ್ತು ಅವರ ಶಿಷ್ಯರು ಈ ಕಿಣ್ವಗಳ ಕೆಲಸವನ್ನು ಅನುಕರಿಸುವ ಸಣ್ಣ ಸೆಲೆನಿಯಮ್ ಸಂಯುಕ್ತಗಳನ್ನು ಮಾಡಿದ್ದಾರೆ.

ಈ ಮಣಿಯನ್ನು ಪೋಣಿಸುವ ರೀತಿ ಭಾಷೆ ಓದುವ ನಮಗೇ ಹೆಚ್ಚು ಸ್ವಾರಸ್ಯವಾದದ್ದು. ಜೀವದ ಲಿಪಿಯಲ್ಲಿ ಮೂರಕ್ಷರದ 64 ಪದಗಳಿವೆ. ಅವುಗಳಲ್ಲಿ ಮೂರು ಪೂರ್ಣವಿರಾಮಗಳು. ಸೆಲೆನೊಸಿಸ್ಟೀನಿಗೆ ತನ್ನದೇ ಆದ ಪದವಿಲ್ಲ. ಯು-ಜಿ-ಎ ಎಂಬ ಪೂರ್ಣವಿರಾಮವನ್ನೇ ಅದು ಎರವಲು ಪಡೆಯುತ್ತದೆಯೆಂದು 1986ರಲ್ಲಿ ತಿಳಿಯಿತು. ಇಲ್ಲಿ ನಿಲ್ಲಬೇಡ, ಸೆಲೆನೊಸಿಸ್ಟೀನನ್ನು ಪೋಣಿಸಿ ಮುಂದೆ ನಡೆ ಎಂದು ತಿಳಿಸುವ ಒಂದು ಮಡಿಕೆಯ ಗುರುತು ಅದೇ ಸಂದೇಶದಲ್ಲಿ ಇರುತ್ತದೆ. ಬ್ಯಾಕ್ಟೀರಿಯಗಳಲ್ಲಿ ಗುರುತು ಪದದ ಮಗ್ಗುಲಿಗೇ ಇದೆ. ನಮ್ಮಂಥ, ಕೋಶಕ್ಕೆ ಕೇಂದ್ರವುಳ್ಳ ಜೀವಿಗಳಲ್ಲಿ ಅದು ಪುಟದ ಅಡಿಯ ಟಿಪ್ಪಣಿಯ ಹಾಗೆ ಸಂದೇಶ ಮುಗಿದ ಆಚೆಗೆ ಇರುತ್ತದೆ. 1977ರಲ್ಲಿ ಕಾರ್ಲ್ ವೋಸ್ ಬೇರೆ ಮಾಡಿ ತೋರಿಸಿದ ಆರ್ಕಿಯಾ ಎಂಬ ಸೂಕ್ಷ್ಮಜೀವಿಗಳ ಮೂರನೆಯ ಬಳಗದಲ್ಲಿಯೂ ಅದು ಸಾಮಾನ್ಯವಾಗಿ ಅಡಿಟಿಪ್ಪಣಿಯೇ. ನಮ್ಮ ಹಳ್ಳಿಗಳ ಗೋಬರ್ ಅನಿಲದ ಗುಂಡಿಯಲ್ಲಿ ಮೀಥೇನ್ ಮಾಡುವ ಜೀವಿಗಳು ಆರ್ಕಿಯಾಗಳೇ. ಅವುಗಳ ದೂರದ ನೆಂಟರಾದ, ಹೆಚ್ಚಾಗಿ ಸಮುದ್ರದಲ್ಲಿರುವ ಕೆಲವು ಮೀಥೇನ್ ಜೀವಿಗಳು ಸೆಲೆನೊಸಿಸ್ಟೀನನ್ನು ಬಳಸುತ್ತವೆ.

ಮಣಿಯನ್ನು ತಯಾರಿಸುವ ರೀತಿಯಲ್ಲಿಯೂ ಇದೇ ನೆಂಟಸ್ತಿಕೆ. ಸೆರಿನ್ ಎಂಬ ಇನ್ನೊಂದು ಮಣಿಯನ್ನು ಬ್ಯಾಕ್ಟೀರಿಯ ಒಂದೇ ಹೆಜ್ಜೆಯಲ್ಲಿ ಸೆಲೆನೊಸಿಸ್ಟೀನ್ ಮಾಡಿಬಿಡುತ್ತದೆ. ಆರ್ಕಿಯಾಗಳೂ ನಾವೂ ಎರಡು ಹೆಜ್ಜೆ ಇಡುತ್ತೇವೆ: ಮೊದಲು ಸೆರಿನ್‌ಗೆ ಫಾಸ್ಫೇಟ್ ಹಚ್ಚಿ, ಅನಂತರ ಅದನ್ನು ತೆಗೆದು ಸೆಲೆನಿಯಮ್ ಕೂಡ್ರಿಸುತ್ತೇವೆ. 2004ರಿಂದ 2007ರ ವರೆಗಿನ ಸಂಶೋಧನೆಗಳಿಂದ ಇದು ಸ್ಪಷ್ಟವಾಯಿತು. ಮದುವೆಯ ಶಾಸ್ತ್ರದ ಕ್ರಮ ನೋಡಿ ಎರಡು ಮನೆತನಗಳು ಒಂದೇ ಬೆಡಗಿನವೆಂದು ಹಿರಿಯರು ಹೇಳುತ್ತಾರಲ್ಲ, ಹಾಗೆ.

ಆದರೆ ಬೆಡಗಿನ ಎಲ್ಲರೂ ಆಸ್ತಿಯನ್ನು ಉಳಿಸಿಕೊಂಡಿಲ್ಲ. ಜೇನುಹುಳ, ರೇಷ್ಮೆಹುಳಗಳು ಸೆಲೆನೊಸಿಸ್ಟೀನನ್ನು ಕಳೆದುಕೊಂಡಿವೆ. ಹೂಬಿಡುವ ಗಿಡಗಳಲ್ಲಿ ಇದು ಇಲ್ಲ. ಕ್ಲಾಮಿಡೊಮೊನಸ್ ಎಂಬ ಹಸಿರು ಪಾಚಿಯಲ್ಲಿ ಇರುವುದರಿಂದ, ಗಿಡಗಳ ಪೂರ್ವಜರು ಇದನ್ನು ಬಳಸುತ್ತಿದ್ದು ಮುಂದೆ ಬಿಟ್ಟಿರಬೇಕು. ನಮ್ಮ ಜೋಳ ಮಣ್ಣಿನ ಸೆಲೆನಿಯಮ್ಮನ್ನು ಹೀರಿಕೊಳ್ಳುತ್ತದೆ, ತನಗೆ ಅಷ್ಟಾಗಿ ಬೇಡದ್ದನ್ನು ರೊಟ್ಟಿಯಲ್ಲಿ ನಮಗೆ ಉಣಿಸುತ್ತದೆ. ನೀರಿನಲ್ಲಿರುವ ಮೀನುಗಳಲ್ಲಿ ಇಂಥ ಪ್ರೋಟೀನುಗಳು 30ಕ್ಕೂ ಮಿಕ್ಕಿ ಇವೆ. ಸೆಲೆನಿಯಮ್ ಸಿಗದ ಕಡೆ ಗಂಧಕದ ಸಿಸ್ಟೀನಿನಿಂದಲೇ, ತುಸು ನಿಧಾನವಾಗಿಯಾದರೂ, ಕೆಲಸ ಸಾಗಿಸಬಹುದು. ಇಷ್ಟೆಲ್ಲ ಯಂತ್ರಸಾಮಗ್ರಿಯನ್ನು ಸಾಕುವ ಖರ್ಚೂ ಉಳಿಯುತ್ತದೆ.

ಒಂದು ತೊಡಕು ಮಾತ್ರ ಬಹಳ ದಿನ ಉಳಿದಿತ್ತು. ತಯಾರಿಸುವ ರೀತಿ ಒಂದೇ ಆದರೂ, ಆರ್ಕಿಯಾಗಳ ಅಡಿಟಿಪ್ಪಣಿಯ ಮಡಿಕೆಗೂ ನಮ್ಮ ಮಡಿಕೆಗೂ ರೂಪದಲ್ಲಿ ಹೋಲಿಕೆಯಿರಲಿಲ್ಲ. ನಡುವಿನ ಕೊಂಡಿ ಬೇಕಿತ್ತು. ಗ್ರೀನ್‌ಲ್ಯಾಂಡಿಗೂ ನಾರ್ವೆಗೂ ನಡುವೆ ಕಡಲ ತಳದಲ್ಲಿ ಲೋಕಿಯ ಕೋಟೆ ಎಂದು ಕರೆಯುವ ಬಿಸಿನೀರಿನ ಬುಗ್ಗೆಗಳಿವೆ. ಅದರಿಂದ ಸುಮಾರು 15 ಕಿಲೋಮೀಟರು ದೂರದ ಕೆಸರಿನಲ್ಲಿ, ಕೇಂದ್ರವುಳ್ಳ ಜೀವಿಗಳಿಗೆ ಅತಿ ಹತ್ತಿರದ ಆರ್ಕಿಯಾದ ಜೀನುಗಳು ಸಿಕ್ಕವೆಂದು 2015ರಲ್ಲಿ ಪ್ರಕಟವಾಯಿತು. ಅದಕ್ಕೆ ಲೋಕಿಆರ್ಕಿಯೋಟ ಎಂದು ಹೆಸರಿಟ್ಟರು. ಮರುವರ್ಷ ಬೇರೆ ವಿದ್ವಾಂಸರು ಆ ಜೀನುಗಳನ್ನು ಓದಿ ನೋಡಿದಾಗ ಅವುಗಳಲ್ಲಿ ಸೆಲೆನೊಸಿಸ್ಟೀನ್ ಇರುವ ಐದು ಪ್ರೋಟೀನು ಕುಟುಂಬಗಳಿದ್ದವು. ಅವುಗಳ ಅಡಿಟಿಪ್ಪಣಿಯ ಮಡಿಕೆ ನಮ್ಮದನ್ನು ಬಹುವಾಗಿ ಹೋಲುತ್ತಿತ್ತು. ಹಳೆಯ ಆರ್ಕಿಯಾಗಳ ಒಂದು ಮಡಿಕೆಯನ್ನೂ ಹೋಲುತ್ತಿತ್ತು.

ಆ ಕೆಸರಿನೊಳಗಿನ ಜೀನುಗಳನ್ನು ಮೊದಲು ಜೋಡಿಸಿ ಓದಿದ ತಂಡದ ಮುಖ್ಯ ಕೆಲಸ ನಡೆದದ್ದು ಉಪ್ಸಾಲಾ ವಿಶ್ವವಿದ್ಯಾಲಯದಲ್ಲಿ. ಎರಡು ಶತಮಾನಗಳ ಹಿಂದೆ ಬರ್ಜೀಲಿಯಸ್‌ನು ಕಾವಲುಗಾರನ ಕೈ ಬೆಚ್ಚಗೆ ಮಾಡಿ ಹಿಂಬಾಗಿಲಿನಿಂದ ಒಳಗೆ ಹೊಕ್ಕದ್ದು ಅಲ್ಲಿಯೇ.